ನೆಲ ಒಂದೇ, ಕಷ್ಟ ಎರಡು

ಗಾಲ್ಫ್ ಸ್ಕೋರ್ ಕಾರ್ಡಿನ ಮೂಲೆಯಲ್ಲಿ ಎರಡು ಸಂಖ್ಯೆಗಳು ಅಚ್ಚಾಗಿರುತ್ತವೆ. ಒಂದು 71.2 ಎನ್ನುವಂಥ ದಶಮಾಂಶದ ಸಂಖ್ಯೆ, ಇನ್ನೊಂದು 123 ಎನ್ನುವಂಥ ಪೂರ್ಣಾಂಕ. ಮೊದಲನೆಯದಕ್ಕೆ ಕೋರ್ಸ್ ರೇಟಿಂಗ್ ಎನ್ನುತ್ತಾರೆ, ಎರಡನೆಯದಕ್ಕೆ ಸ್ಲೋಪ್ ರೇಟಿಂಗ್. ಆಡುವವರಲ್ಲೇ ಬಹಳ ಜನ ಇವುಗಳತ್ತ ಕಣ್ಣು ಹಾಯಿಸದೆ ಕಾರ್ಡನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ನಾನು ಗಾಲ್ಫ್ ಆಡುವವನಲ್ಲ. ಭೂಮಾಪನ ಇಲಾಖೆಯಲ್ಲಿದ್ದು ನಿವೃತ್ತನಾದವನು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕುಗಳ ಗದ್ದೆ, ತೋಟ, ಬೇಣ, ಸೊಪ್ಪಿನ ಬೆಟ್ಟಗಳಲ್ಲಿ ಚೈನು ಎಳೆದು, ಬಾಂದುಕಲ್ಲು ಹುಡುಕಿ, ಪೋಡಿ ಮಾಡಿಕೊಟ್ಟು ಸೇವೆ ಮುಗಿಸಿದೆ. ನಮ್ಮ ಮೂರು ತಾಲೂಕುಗಳಲ್ಲಿ ಗಾಲ್ಫ್ ಮೈದಾನವೇ ಇಲ್ಲ. ಹಾಗಿದ್ದೂ ಈ ಎರಡು ಸಂಖ್ಯೆಗಳ ಬಗ್ಗೆ ಬರೆಯಲು ಕೂತಿದ್ದೇನೆ. ನೆಲದ ಕಷ್ಟವನ್ನು ಇಷ್ಟು ಶ್ರದ್ಧೆಯಿಂದ, ಇಷ್ಟು ನ್ಯಾಯವಾಗಿ ಅಳೆಯುವ ಇನ್ನೊಂದು ಪದ್ಧತಿಯನ್ನು ನಾನು ಕಂಡಿಲ್ಲ, ಅದಕ್ಕೆ.

ನನಗೆ ಇದನ್ನು ಕಲಿಸಿದವಳು ತಂಗಿಯ ಮಗಳು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ, ಗಾಲ್ಫ್ ಕಲಿತಿದ್ದಾಳೆ. ಮೈದಾನಗಳಿಗೆ ರೇಟಿಂಗ್ ಕೊಡುವ ತಂಡ ಬಂದಾಗ ಅವರ ಜೊತೆ ನಡೆದು ಅಂಕಿ ಬರೆದುಕೊಳ್ಳುವ ಕೆಲಸಕ್ಕೂ ಹೋಗುತ್ತಾಳೆ. ಒಮ್ಮೆ ಊರ ಹೊರಗಿನ ಮೈದಾನವೊಂದಕ್ಕೆ ನನ್ನನ್ನೂ ಕರೆದುಕೊಂಡು ಹೋದಳು.

ಮೊದಲು ಹ್ಯಾಂಡಿಕ್ಯಾಪ್ ಅಂದರೆ ಏನು ಎಂದು ಹೇಳಿಬಿಡುತ್ತೇನೆ. ಗಾಲ್ಫಿನಲ್ಲಿ ಹದಿನೆಂಟು ಹೋಲ್‌ಗಳು. ಪ್ರತಿಯೊಂದರಲ್ಲೂ ಟೀ ಎನ್ನುವ ಕಟ್ಟೆಯಿಂದ ಚೆಂಡು ಹೊಡೆಯಲು ಶುರುಮಾಡಿ, ಹುಲ್ಲನ್ನು ನುಣ್ಣಗೆ ಕತ್ತರಿಸಿದ ಗ್ರೀನ್ ಮೇಲಿನ ಕುಳಿಗೆ ಅದನ್ನು ಬೀಳಿಸಬೇಕು. ಎಷ್ಟು ಕಡಿಮೆ ಹೊಡೆತವೋ ಅಷ್ಟು ಒಳ್ಳೆಯದು. ನುರಿತವರು 72 ಹೊಡೆತದ ಆಸುಪಾಸಿನಲ್ಲಿ ಮುಗಿಸುವ ಮೈದಾನದಲ್ಲಿ ಹವ್ಯಾಸಿಗೆ 95 ಬೇಕಾಗಬಹುದು. ಇಬ್ಬರೂ ಜೊತೆಗೆ ಆಡಿದರೆ ಫಲಿತಾಂಶ ಮೊದಲೇ ಗೊತ್ತು. ಹಾಗಾಗಿ ಬಲಹೀನನಿಗೆ ಇಷ್ಟು ಹೊಡೆತ ಎಂದು ಬಿಟ್ಟುಕೊಟ್ಟು ಲೆಕ್ಕ ಹಾಕುತ್ತಾರೆ. ಆ ಬಿಟ್ಟುಕೊಡುವಿಕೆಯೇ ಹ್ಯಾಂಡಿಕ್ಯಾಪ್. ಎಪ್ಪತ್ತು ದಾಟಿದ ಅಜ್ಜನೂ ಇಪ್ಪತ್ತರ ಮೊಮ್ಮಗನೂ ಸಮಸಮವಾಗಿ ಸ್ಪರ್ಧಿಸಬಹುದಾದ ಆಟ ಇದು. ಕಬಡ್ಡಿಯಲ್ಲಾಗಲಿ ವಾಲಿಬಾಲಿನಲ್ಲಾಗಲಿ ಇಂಥ ಏರ್ಪಾಡು ಇಲ್ಲ.

ಆದರೆ 95 ಎಂದರೆ ಎಲ್ಲಿಯ 95? ಕೆರೆಯಿಲ್ಲದ, ಮರವಿಲ್ಲದ, ಗಿಡ್ಡ ಮೈದಾನದ 95ಕ್ಕೂ, ನೀರು, ಮರಳು, ದಟ್ಟ ಮರಸಾಲುಗಳ ನಡುವಿನ 95ಕ್ಕೂ ಒಂದೇ ಬೆಲೆ ಕಟ್ಟಲು ಬರುವುದಿಲ್ಲ. ಹೈಗ್ರೌಂಡ್ಸ್‌ನಲ್ಲಿ 1876ರಿಂದ ಇರುವ ಬೆಂಗಳೂರು ಗಾಲ್ಫ್ ಕ್ಲಬ್ಬಿನಲ್ಲಿ ಆಡುವವನು, ಚಲ್ಲಘಟ್ಟದ ಹಳೆಯ ಕೆರೆಯಂಗಳದಲ್ಲಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದವನು, ಕೊಡಗಿನ ಗುಡ್ಡದ ಮೇಲೆ ಆಡುವವನು, ಇವರೆಲ್ಲ ಒಂದೆಡೆ ಸೇರಿದರೆ ಯಾರ ಅಂಕಿಯನ್ನು ಯಾರದರ ಪಕ್ಕ ಇಡುವುದು? ಮನುಷ್ಯನ ಆಟವನ್ನು ತೂಗುವ ಮೊದಲು ನೆಲವನ್ನು ತೂಗಬೇಕು. ರೇಟಿಂಗ್ ತಂಡದ ಕೆಲಸ ಅದು.

ಇಡೀ ಪದ್ಧತಿ ಇಬ್ಬರು ಕಾಲ್ಪನಿಕ ಆಟಗಾರರ ಮೇಲೆ ನಿಂತಿದೆ. ಒಬ್ಬ ಸ್ಕ್ರ್ಯಾಚ್ ಆಟಗಾರ, ಹ್ಯಾಂಡಿಕ್ಯಾಪ್ ಸೊನ್ನೆ ಇರುವವನು. ಗಂಡಸರ ಲೆಕ್ಕದಲ್ಲಿ ಅವನ ಮೊದಲ ಹೊಡೆತ 250 ಗಜ ಹೋಗುತ್ತದೆ: ಗಾಳಿಯಲ್ಲಿ 230, ನೆಲದ ಮೇಲೆ ಉರುಳಿ 20. ಎರಡು ಹೊಡೆತಕ್ಕೆ 470 ಗಜ ಮುಟ್ಟುತ್ತಾನೆ. ಇನ್ನೊಬ್ಬ ಬೋಗಿ ಆಟಗಾರ, ಹ್ಯಾಂಡಿಕ್ಯಾಪ್ ಸುಮಾರು 20 ಇರುವವನು. ಅವನ ಹೊಡೆತ 200 ಗಜ: ಗಾಳಿಯಲ್ಲಿ 180, ಉರುಳಿ 20. ಎರಡು ಹೊಡೆತಕ್ಕೆ 370 ಗಜ. ಹೆಂಗಸರಿಗೆ ಬೇರೆ ಅಳತೆ: ಸ್ಕ್ರ್ಯಾಚ್ ಆಟಗಾರ್ತಿಗೆ 210 ಗಜ, ಬೋಗಿ ಆಟಗಾರ್ತಿಗೆ 150. ರೇಟಿಂಗ್ ತಂಡ ಮೈದಾನಕ್ಕೆ ಹೋಗುವಾಗ ಈ ಇಬ್ಬರನ್ನೂ ಮನಸ್ಸಿನಲ್ಲಿ ಕರೆದುಕೊಂಡೇ ಹೋಗುತ್ತದೆ.

ಅಂದು ನಾವು ನಿಂತ ಒಂದು ಹೋಲ್‌ನಲ್ಲಿ ದಾರಿಗೆ ಅಡ್ಡವಾಗಿ ಹೊಂಡವಿತ್ತು. ಟೀಯಿಂದ ಸುಮಾರು 190 ಗಜಕ್ಕೆ ನೀರು ಶುರು, 225ರ ಹತ್ತಿರ ಆಚೆ ದಡ. ತಂಡದವರು ಮೊದಲು 250 ಗಜದ ಜಾಗಕ್ಕೆ ನಡೆದು ಅಲ್ಲಿ ನಿಂತರು. ಸ್ಕ್ರ್ಯಾಚ್ ಆಟಗಾರನಿಗೆ ಈ ನೀರಿನ ಕಾಟ ಅಷ್ಟಿಲ್ಲ, ಅವನ ಚೆಂಡು ಮೇಲಿಂದಲೇ ದಾಟುತ್ತದೆ. ಆಮೇಲೆ ಹಿಂದೆ ಬಂದು ಈಚೆ ದಡದಲ್ಲಿ ನಿಂತರು. ಬೋಗಿ ಆಟಗಾರ ಎಂದಿನಂತೆ ಹೊಡೆದರೆ 180ಕ್ಕೆ ಬಿದ್ದ ಚೆಂಡು ಉರುಳಿ ನೇರ ನೀರಿಗೆ ಹೋಗುತ್ತದೆ. ಅವನು ಬೇಕೆಂದೇ ಮೆಲ್ಲಗೆ, ಗಿಡ್ಡವಾಗಿ ಹೊಡೆಯಬೇಕು. ಹಾಗೆ ಹೊಡೆದರೆ ಉಳಿದ ದಾರಿ ಉದ್ದವಾಗುತ್ತದೆ, ಎರಡನೇ ಹೊಡೆತಕ್ಕೆ ಗ್ರೀನ್ ಸಿಗುವುದಿಲ್ಲ. ಒಂದೇ ಹೊಂಡ. ಒಬ್ಬನಿಗೆ ಅದು ನೋಟ, ಇನ್ನೊಬ್ಬನಿಗೆ ಒಂದಿಡೀ ಹೊಡೆತದ ನಷ್ಟ. ತಂಡದ ನಾಯಕರು ಅದೇ ಹೋಲ್‌ಗೆ ಹಾಳೆಯ ಎರಡು ಕಾಲಮ್ಮುಗಳಲ್ಲಿ ಬೇರೆ ಬೇರೆ ಅಂಕಿ ಬರೆಸಿದರು.

ಅಲ್ಲಿ ನನಗೆ ನಮ್ಮ ಹಳೆಯ ಕಂದಾಯ ಸರ್ವೆ ನೆನಪಾಯಿತು. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಆಮೇಲೆ ನಮ್ಮ ಕಡೆಗೂ ಬಂದದ್ದು ಮುಂಬೈ ಸರ್ವೆ ಪದ್ಧತಿ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಕಟ್ಟಿದ, 1847ರ ಜಂಟಿ ವರದಿಯಲ್ಲಿ ನಿಯಮವಾಗಿ ನಿಂತ ಪದ್ಧತಿ ಅದು. ಅದರಲ್ಲಿ ಉತ್ತಮ ಮಣ್ಣಿಗೆ ಹದಿನಾರಾಣೆ ಬೆಲೆ. ಮಣ್ಣಿನ ಆಳ ಕಡಿಮೆಯಾದರೆ, ಮರಳು ಸೇರಿದ್ದರೆ, ಇಳಿಜಾರಿದ್ದರೆ, ನೀರು ಕೊಚ್ಚಿಕೊಂಡು ಹೋಗುವಂತಿದ್ದರೆ ಒಂದೊಂದು ದೋಷಕ್ಕೂ ಇಷ್ಟಿಷ್ಟು ಎಂದು ಬೆಲೆ ಇಳಿಸುತ್ತಿದ್ದರು. ಕಣ್ಣಂದಾಜಿನ ಜಾಗದಲ್ಲಿ ಕೋಷ್ಟಕ ತಂದ ಆ ಕೆಲಸದ ಬಗ್ಗೆ ನನಗೆ ಈಗಲೂ ಗೌರವವಿದೆ. ಗಾಲ್ಫ್ ರೇಟಿಂಗ್ ಕೂಡ ದೋಷಗಳನ್ನು ಎಣಿಸಿ ಅಂಕಿ ಕೊಡುವ ಪದ್ಧತಿಯೇ. ಆದರೆ ಹದಿನಾರಾಣೆಯ ಲೆಕ್ಕದಲ್ಲಿ ಉಳುವವನು ಯಾರು ಎಂಬ ಪ್ರಶ್ನೆ ಇರಲಿಲ್ಲ. ನಾಲ್ಕು ಜೋಡಿ ಎತ್ತಿನವನಿಗೂ ಎತ್ತೇ ಇಲ್ಲದವನಿಗೂ ಆ ಇಳಿಜಾರು ಒಂದೇ ಬೆಲೆಯದು. ಗಾಲ್ಫಿನವರು ನೆಲದ ಜೊತೆಗೆ ಅದರ ಮೇಲೆ ನಿಲ್ಲುವವನನ್ನೂ ಲೆಕ್ಕಕ್ಕೆ ತಂದರು. ನನ್ನ ಮಟ್ಟಿಗೆ ಈ ಪದ್ಧತಿಯ ದೊಡ್ಡ ಸಾಧನೆ ಅದೇ.

ಇನ್ನು ಅಳತೆಗೆ ಬರೋಣ. ಟೀಯಲ್ಲಿ ಹೂತಿರುವ ಶಾಶ್ವತ ಗುರುತಿನಿಂದ ಗ್ರೀನ್‌ನ ನಡುವಿನವರೆಗೆ, ಆಡುವ ದಾರಿಯಲ್ಲೇ ಹೋಲ್‌ನ ಉದ್ದ ಅಳೆಯುತ್ತಾರೆ. ದಾರಿ ತಿರುಗಿದ್ದರೆ ತಿರುವಿನ ಬಿಂದುವಿನಲ್ಲಿ ಮುರಿದು ಅಳೆಯುತ್ತಾರೆ. ಇಳಿಜಾರಿನ ಮೇಲೆ ಟೇಪು ಹಾಸುವುದಿಲ್ಲ, ಸಮತಲದ ದೂರವನ್ನೇ ಹಿಡಿಯುತ್ತಾರೆ. ನಮ್ಮ ಸರ್ವೆಯಲ್ಲೂ ಇದೇ ನಿಯಮ. ಘಟ್ಟದ ಮೇಲಿನ ಇಳಿಜಾರು ತೋಟಗಳಲ್ಲಿ ಚೈನನ್ನು ಮಟ್ಟಕ್ಕೆ ಎತ್ತಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದವರಿಗೆ ಆ ಶಿಸ್ತು ಎಷ್ಟು ಬೆವರಿಳಿಸುತ್ತದೆ ಎಂದು ಗೊತ್ತು. ಈಗ ಲೇಸರ್ ಮತ್ತು ಜಿಪಿಎಸ್ ಉಪಕರಣಗಳು ಆ ಕೆಲಸವನ್ನು ಹಗುರ ಮಾಡಿವೆ.

ಅಳೆದ ಉದ್ದ ಹಾಗೇ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಆಟದ ಉದ್ದವಾಗಿ ತಿದ್ದುತ್ತಾರೆ. ನೆಲ ಗಟ್ಟಿಯೋ ಮೆತ್ತಗೋ, ಚೆಂಡು ಎಷ್ಟು ಉರುಳೀತು? ಗ್ರೀನ್ ಟೀಗಿಂತ ಎತ್ತರದಲ್ಲಿದೆಯೋ ತಗ್ಗಿನಲ್ಲಿದೆಯೋ? ತಿರುವಿನಿಂದಲೋ ಹೊಂಡದಿಂದಲೋ ಗಿಡ್ಡ ಹೊಡೆಯುವ ಒತ್ತಾಯ ಇದೆಯೇ? ಗಾಳಿ ಹೇಗೆ ಬೀಸುತ್ತದೆ? ಕೊನೆಯದಾಗಿ, ಸಮುದ್ರಮಟ್ಟದಿಂದ ಎಷ್ಟು ಎತ್ತರ? ಎತ್ತರ ಹೆಚ್ಚಾದಂತೆ ಗಾಳಿ ತೆಳುವಾಗಿ ಚೆಂಡು ದೂರ ಹಾರುತ್ತದೆ, ಆದ್ದರಿಂದ 2,000 ಅಡಿ ದಾಟಿದ ಮೈದಾನಗಳ ಉದ್ದವನ್ನು ಕಡಿಮೆ ಎಂದು ಪರಿಗಣಿಸುತ್ತಾರೆ. ಬೆಂಗಳೂರು ಸುಮಾರು 3,000 ಅಡಿ, ಹಾಗಾಗಿ ಅಲ್ಲಿಯ ಮೈದಾನಗಳಿಗೆ ಈ ತಿದ್ದುಪಡಿ ಉಂಟು. ನಮ್ಮ ಶಿರಸಿ ಸುಮಾರು 590 ಮೀಟರು, ಅಂದರೆ 1,936 ಅಡಿ. ಇಲ್ಲೊಂದು ಮೈದಾನ ಮಾಡಿದರೆ ಯಾವುದಾದರೊಂದು ಗುಡ್ಡದ ನೆತ್ತಿಯ ಮೇಲೆ ಮಾಡಿದರಷ್ಟೇ ಈ ಲೆಕ್ಕ ಬಂದೀತು.

ಉದ್ದದಿಂದ ಬರುವ ಮೂಲ ಅಂಕಿಗೆ ಸರಳ ಸೂತ್ರವಿದೆ. ಗಂಡಸರ ಸ್ಕ್ರ್ಯಾಚ್ ಲೆಕ್ಕಕ್ಕೆ ಆಟದ ಉದ್ದವನ್ನು 220ರಿಂದ ಭಾಗಿಸಿ 40.9 ಕೂಡಬೇಕು. ಬೋಗಿ ಲೆಕ್ಕಕ್ಕೆ 160ರಿಂದ ಭಾಗಿಸಿ 50.7 ಕೂಡಬೇಕು. 6,400 ಗಜದ ಮೈದಾನ ಎಂದಿಟ್ಟುಕೊಳ್ಳಿ. ಸ್ಕ್ರ್ಯಾಚ್‌ಗೆ 70.0 ಬರುತ್ತದೆ, ಬೋಗಿಗೆ 90.7. ಸೂತ್ರ ಹೇಳುವುದನ್ನು ಸ್ವಲ್ಪ ನಿಧಾನವಾಗಿ ನೋಡಿ: ಮೈದಾನ 220 ಗಜ ಬೆಳೆದರೆ ಬಲ್ಲವನಿಗೆ ಒಂದು ಹೊಡೆತ ಹೆಚ್ಚು, ಕಲಿಯುವವನಿಗೆ 160 ಗಜಕ್ಕೇ ಒಂದು ಹೊಡೆತ ಹೆಚ್ಚು. ದೂರ ಇಬ್ಬರನ್ನೂ ಒಂದೇ ಸಮ ದಣಿಸುವುದಿಲ್ಲ ಎಂಬುದು ಭಾಜಕದಲ್ಲೇ ಇದೆ.

ಇದರ ಮೇಲೆ ಅಡ್ಡಿಗಳ ಲೆಕ್ಕ. ಒಟ್ಟು ಹತ್ತು ಬಗೆಯ ಅಡ್ಡಿಗಳಿಗೆ ಪ್ರತಿ ಹೋಲ್‌ನಲ್ಲೂ, ಇಬ್ಬರೂ ಆಟಗಾರರಿಗೆ ಬೇರೆ ಬೇರೆಯಾಗಿ, ಸೊನ್ನೆಯಿಂದ ಹತ್ತರವರೆಗೆ ಅಂಕ. ನಿಂತ ನೆಲದ ಏರುತಗ್ಗು, ಚೆಂಡು ಬೀಳುವಲ್ಲಿ ಫೇರ್‌ವೇ ಎನ್ನುವ ಕತ್ತರಿಸಿದ ಹುಲ್ಲಿನ ದಾರಿ ಎಷ್ಟು ಅಗಲ, ಅಷ್ಟು ದೂರದಿಂದ ಹೊಡೆಯುವವನಿಗೆ ಗ್ರೀನ್ ಎಷ್ಟು ದೊಡ್ಡ ಗುರಿ, ಗುರಿ ತಪ್ಪಿದರೆ ಪಕ್ಕದ ಎತ್ತರದ ಹುಲ್ಲಿನಿಂದ ಚೆಂಡು ಎತ್ತುವುದು ಎಷ್ಟು ಕಷ್ಟ, ಮರಳಿನ ಬಂಕರುಗಳು, ದಾರಿಗೆ ಅಡ್ಡ ಬರುವ ನೀರು, ಪಕ್ಕದಲ್ಲೇ ಸಾಗುವ ನೀರು ಅಥವಾ ಗಡಿ, ಮರಗಳು, ಗ್ರೀನ್‌ನ ಮೇಲ್ಮೈ. ಇವು ಒಂಬತ್ತಾದವು. ಬಹುಪಾಲು ಎಲ್ಲವನ್ನೂ ಗಜದಲ್ಲೋ ಅಡಿಯಲ್ಲೋ ಅಳೆದು ಕೋಷ್ಟಕ ನೋಡಿಯೇ ಅಂಕ ಹಾಕುತ್ತಾರೆ. ಬಂಕರಿಗೆ ಹೆದರಿ ಜಾಸ್ತಿ ಹಾಕಿದೆ, ಮರ ಚಂದ ಇದೆ ಎಂದು ಕಡಿಮೆ ಹಾಕಿದೆ ಎನ್ನಲು ಬರುವುದಿಲ್ಲ.

ಹತ್ತನೆಯದು ಮನಸ್ಸಿನ ಮೇಲಿನ ಒತ್ತಡ. ಹಾಳೆಯಲ್ಲಿ ಆ ಕಾಲಮ್ಮು ಕಂಡು ನನಗೆ ಅನುಮಾನ ಬಂತು. ಮಣ್ಣು ಅಳೆಯಬಹುದು, ಹೆದರಿಕೆ ಅಳೆಯುವುದು ಹೇಗೆ ಎಂದು ಕೇಳಿದೆ.

"ಅದನ್ನ ಯಾರೂ ಅಂದಾಜು ಮಾಡ್ತ್ವಿಲ್ಲೆ ಮಾವ," ಎಂದಳು. "ಬಾಕಿ ಅಡ್ಡಿಗಳಿಗೆ ಬಿದ್ದ ಅಂಕ ಇದ್ದಲಾ, ಅದರಲ್ಲಿ ಐದು, ಐದರ ಮೇಲೆ ಬಂದದ್ದು ಎಷ್ಟು ಹೇಳಿ ನೋಡಿರೆ ಆತು. ಕೋಷ್ಟಕನೇ ಹೇಳ್ತು."

ಅಂದರೆ ಒಂದೇ ಹೋಲ್‌ನಲ್ಲಿ ನೀರು, ಮರಳು, ಕಿರಿದಾದ ದಾರಿ ಎಲ್ಲ ಒಟ್ಟಿಗೆ ಸೇರಿದರೆ ಆಟಗಾರನ ಎದೆ ಹೊಡೆದುಕೊಳ್ಳುತ್ತದೆ, ಅದಕ್ಕೂ ಅಂಕ ಸಲ್ಲಬೇಕು. ಆದರೆ ಆ ಅಂಕ ಅಳೆಯುವವನ ಮನಸ್ಸಿನಿಂದ ಬರಬಾರದು, ಈಗಾಗಲೇ ಅಳೆದದ್ದರಿಂದ ಬರಬೇಕು. ಇದಕ್ಕಿಂತ ಪ್ರಾಮಾಣಿಕವಾದ ದಾರಿ ಇನ್ನೊಂದಿರಲಿಕ್ಕಿಲ್ಲ.

ಗ್ರೀನ್‌ನ ವೇಗ ಅಳೆಯುವ ಸಾಧನವನ್ನು ಕೈಯಲ್ಲಿ ಹಿಡಿದು ನೋಡಿದೆ. ಸ್ಟಿಂಪ್‌ಮೀಟರ್ ಎಂದು ಹೆಸರು. ಎಡ್ವರ್ಡ್ ಸ್ಟಿಂಪ್‌ಸನ್ ಎಂಬ ಅಮೆರಿಕದ ಗಾಲ್ಫ್ ಆಟಗಾರ 1935ರಲ್ಲಿ ಮಾಡಿದ ಉಪಾಯ. ಮೂರು ಅಡಿ ಉದ್ದದ ಅಲ್ಯೂಮಿನಿಯಂ ಪಟ್ಟಿ, ನಡುವೆ ಉದ್ದಕ್ಕೂ ತೋಡು, ತುದಿಯಿಂದ 30 ಇಂಚು ಮೇಲೆ ಚೆಂಡು ಕೂರಿಸಲು ಒಂದು ಕಚ್ಚು. ಕೆಳತುದಿಯನ್ನು ಹುಲ್ಲಿಗೆ ಆನಿಸಿ ಮೇಲ್ತುದಿಯನ್ನು ನಿಧಾನವಾಗಿ ಎತ್ತಬೇಕು. ಸುಮಾರು 20 ಡಿಗ್ರಿ ಬಂದಾಗ ಚೆಂಡು ತಾನಾಗಿ ಕಚ್ಚಿನಿಂದ ಬಿಟ್ಟು ಉರುಳುತ್ತದೆ. ಎತ್ತುವವನ ಕೈಯ ಜೋರು ಅದಕ್ಕೆ ತಾಗುವುದೇ ಇಲ್ಲ. ಮಟ್ಟಸವಾದ ಜಾಗದಲ್ಲಿ ಮೂರು ಚೆಂಡು ಒಂದು ದಿಕ್ಕಿಗೆ, ಅದೇ ಮೂರು ಚೆಂಡು ತಿರುಗಿ ಇನ್ನೊಂದು ದಿಕ್ಕಿಗೆ ಬಿಟ್ಟು, ಉರುಳಿದ ದೂರದ ಸರಾಸರಿಯನ್ನು ಅಡಿಗಳಲ್ಲಿ ತೆಗೆಯುತ್ತಾರೆ. ಆ ಅಡಿಗಳೇ ಗ್ರೀನ್‌ನ ವೇಗ. ಬ್ಯಾಟರಿ ಇಲ್ಲ, ಪರದೆ ಇಲ್ಲ. ನಮ್ಮ ಕ್ರಾಸ್ ಸ್ಟಾಫ್‌ನಂತೆ ಇದೂ ಕೆಡಲು ಏನೂ ಇಲ್ಲದ ಉಪಕರಣ.

ಇಷ್ಟೆಲ್ಲ ಕೂಡಿ ಕಳೆದ ಮೇಲೆ ಎರಡು ಮೊತ್ತ ಸಿಗುತ್ತವೆ. ಸ್ಕ್ರ್ಯಾಚ್ ಆಟಗಾರ ತನ್ನ ಒಳ್ಳೆಯ ದಿನಗಳಲ್ಲಿ ಈ ಮೈದಾನದಲ್ಲಿ ಎಷ್ಟರಲ್ಲಿ ಮುಗಿಸಿಯಾನು ಎಂಬುದು ಕೋರ್ಸ್ ರೇಟಿಂಗ್. ಬೋಗಿ ಆಟಗಾರನದು ಬೋಗಿ ರೇಟಿಂಗ್. ಎರಡರ ವ್ಯತ್ಯಾಸವನ್ನು ಗಂಡಸರಿಗಾದರೆ 5.381ರಿಂದ, ಹೆಂಗಸರಿಗಾದರೆ 4.24ರಿಂದ ಗುಣಿಸಿದರೆ ಸ್ಲೋಪ್ ರೇಟಿಂಗ್. ಕೋರ್ಸ್ ರೇಟಿಂಗ್ 71.2, ಬೋಗಿ ರೇಟಿಂಗ್ 94.0 ಇದ್ದರೆ ವ್ಯತ್ಯಾಸ 22.8, ಸ್ಲೋಪ್ 123. ಸ್ಲೋಪ್ 55ರಿಂದ 155ರವರೆಗೆ ಇರಬಹುದು, 113 ಸಾಮಾನ್ಯ ಮಟ್ಟ. ಅಂಥ ಸಾಮಾನ್ಯ ಮೈದಾನದಲ್ಲಿ ಇಬ್ಬರ ನಡುವೆ 21 ಹೊಡೆತಗಳ ಅಂತರ ಇರುತ್ತದೆ.

ಸ್ಲೋಪ್ ಎಂದಾಕ್ಷಣ ಮೈದಾನದ ಇಳಿಜಾರು ಎಂದುಕೊಳ್ಳುವವರಿದ್ದಾರೆ. ಇದು ನಕ್ಷೆಯ ಹಾಳೆಯ ಮೇಲಿನ ಗೆರೆಯ ಓರೆ. ಆಟಗಾರರ ಹ್ಯಾಂಡಿಕ್ಯಾಪನ್ನು ಅಡ್ಡಕ್ಕೂ ಅವರ ಸ್ಕೋರನ್ನು ಉದ್ದಕ್ಕೂ ಗುರುತಿಸಿದರೆ ಒಂದು ಗೆರೆ ಮೇಲಕ್ಕೆ ಏರುತ್ತದೆ. ಸಾಮಾನ್ಯ ಮೈದಾನದಲ್ಲಿ ಹ್ಯಾಂಡಿಕ್ಯಾಪ್ ಒಂದು ಹೆಚ್ಚಾದರೆ ಸ್ಕೋರು 1.13 ಹೆಚ್ಚಾಗುತ್ತದೆ; 113 ಬಂದದ್ದು ಅಲ್ಲಿಂದ. ಕಠಿಣ ಮೈದಾನದಲ್ಲಿ ಗೆರೆ ಇನ್ನೂ ಕಡಿದಾಗುತ್ತದೆ. ಇದನ್ನು ರೂಪಿಸಿದವರಲ್ಲಿ ಮುಖ್ಯ ಹೆಸರು ಅಮೆರಿಕದ ನೌಕಾಪಡೆಯ ಅಧಿಕಾರಿ ಡೀನ್ ಕನೂತ್ ಅವರದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ನೌಕಾ ಸ್ನಾತಕೋತ್ತರ ಸಂಸ್ಥೆಯಲ್ಲಿ ಓದುವಾಗ ಈ ಸಮಸ್ಯೆಯನ್ನು ಕೈಗೆತ್ತಿಕೊಂಡ ಅವರು 1981ರಲ್ಲಿ ಅಮೆರಿಕದ ಗಾಲ್ಫ್ ಸಂಘ ಸೇರಿದರು. ಅದರ ಮರುವರ್ಷ ಕೊಲರಾಡೋ ರಾಜ್ಯದಲ್ಲಿ ಪದ್ಧತಿ ಮೊದಲು ಜಾರಿಗೆ ಬಂತು. ಅದಕ್ಕೂ ಹಿಂದೆ ಮೈದಾನಕ್ಕೆ ಒಂದೇ ಅಂಕಿ ಇರುತ್ತಿತ್ತು, ಅದು ಬಲ್ಲವನ ಅಂಕಿ. ಕಲಿಯುವವನು ತನಗಲ್ಲದ ಅಳತೆಗೆ ತನ್ನನ್ನು ಹೊಂದಿಸಿಕೊಳ್ಳಬೇಕಿತ್ತು.

ಇನ್ನೂ ಹಿಂದಕ್ಕೆ ಹೋದರೆ, ಮೈದಾನಗಳನ್ನೆಲ್ಲ ಒಂದೇ ಮಾನದಿಂದ ನೋಡಬೇಕು ಎಂಬ ಹಟ ಹಿಡಿದವರು ಬ್ರಿಟನ್ನಿನ ಹೆಂಗಸರು. 1893ರಲ್ಲಿ ಲೇಡೀಸ್ ಗಾಲ್ಫ್ ಯೂನಿಯನ್ ಹುಟ್ಟಿತು, ಇಸೆಟ್ ಪಿಯರ್‌ಸನ್ ಅದರ ಮೊದಲ ಗೌರವ ಕಾರ್ಯದರ್ಶಿ. ಗಂಡಸರ ಕ್ಲಬ್ಬುಗಳು ತಮ್ಮ ತಮ್ಮ ಲೆಕ್ಕ ಹಿಡಿದು ಕೂತಿದ್ದ ಕಾಲದಲ್ಲಿ ಇವರು ಒಂದೊಂದು ಮೈದಾನಕ್ಕೂ ಕೇಂದ್ರದಿಂದಲೇ ಮಾನಕ ಅಂಕಿ ಗೊತ್ತುಮಾಡಿ, ಎಲ್ಲ ಕಡೆ ಸಲ್ಲುವ ಹ್ಯಾಂಡಿಕ್ಯಾಪ್ ನಡೆಸಿದರು. ಈಗ ಜಗತ್ತಿನಲ್ಲಿರುವುದು 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ. ಬೇರೆ ಬೇರೆ ಕಡೆ ನಡೆಯುತ್ತಿದ್ದ ಆರು ಪದ್ಧತಿಗಳನ್ನು ಒಂದಾಗಿಸಿದ್ದು ಅದು. ನಮ್ಮ ದೇಶದಲ್ಲಿ ಅದರ ಉಸ್ತುವಾರಿ 1955ರಲ್ಲಿ ಸ್ಥಾಪನೆಯಾದ ಇಂಡಿಯನ್ ಗಾಲ್ಫ್ ಯೂನಿಯನ್ನಿನದು.

ಹೆಂಗಸರ ಲೆಕ್ಕದ ಬಗ್ಗೆ ನಾನು ಸ್ವಲ್ಪ ಒತ್ತಿ ಹೇಳಬೇಕು. ಅದೇ ಟೀ, ಅದೇ 6,400 ಗಜ. ಹೆಂಗಸರ ಸೂತ್ರದಲ್ಲಿ 180ರಿಂದ ಭಾಗಿಸಿ 40.1 ಕೂಡಬೇಕು. ಉದ್ದದ ಲೆಕ್ಕವೊಂದರಿಂದಲೇ ಸ್ಕ್ರ್ಯಾಚ್ ಅಂಕಿ 75.7 ಬರುತ್ತದೆ, ಗಂಡಸರದು 70.0 ಇತ್ತು. ಒಂದೇ ಕಟ್ಟೆಯಿಂದ ಹೊಡೆದು ಗಂಡಸು 92ರಲ್ಲಿಯೂ ಹೆಂಗಸು 96ರಲ್ಲಿಯೂ ಮುಗಿಸಿದರೆ, ನಾಲ್ಕು ಹೊಡೆತ ಹಿಂದೆ ಬಿದ್ದಂತೆ ಕಾಣುವ ಅವಳೇ ಚೆನ್ನಾಗಿ ಆಡಿದವಳು. ಆದ್ದರಿಂದಲೇ ಹೋಲ್‌ನಲ್ಲಿ ಹಿಂದೆ ಮುಂದೆ ಇರುವ ಪ್ರತಿ ಟೀಗೂ ಗಂಡಸರಿಗೊಂದು, ಹೆಂಗಸರಿಗೊಂದು ರೇಟಿಂಗ್ ಇರಬೇಕು. ಹಿಂದಿನ ಟೀಗೆ ಹೆಂಗಸರ ರೇಟಿಂಗೇ ಮಾಡಿಸದೆ ಬಿಟ್ಟ ಮೈದಾನದಲ್ಲಿ ಆ ಟೀಯಿಂದ ಆಡುವ ಹುಡುಗಿಗೆ ತನ್ನ ಆಟದ ಬೆಲೆ ಗೊತ್ತಾಗುವುದೇ ಇಲ್ಲ. ಅದು ಸಣ್ಣ ಅನ್ಯಾಯವಲ್ಲ.

ಉದ್ದವೇ ಎಲ್ಲ ಅಲ್ಲ ಎಂಬುದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾದರು. ಕಂಚಿಗೆ ಕಡಿಮೆಯಾದದ್ದು ಒಂದೇ ಒಂದು ಹೊಡೆತ. ಅಲ್ಲಿ ಸೇರಿದ್ದವರಲ್ಲಿ ಮೊದಲ ಹೊಡೆತದ ದೂರದಲ್ಲಿ ಅವರು ಹಿಂದಿನ ಸಾಲಿನವರು. ಗ್ರೀನ್ ಹತ್ತಿರದ ಕೈಚಳಕದಿಂದ, ಕುಳಿಗೆ ಚೆಂಡು ಉರುಳಿಸುವ ನಿಖರತೆಯಿಂದ ಆ ದೂರವನ್ನೆಲ್ಲ ತುಂಬಿದರು. ವೃತ್ತಿಪರರ ಸ್ಪರ್ಧೆಯಲ್ಲಿ ಹ್ಯಾಂಡಿಕ್ಯಾಪ್ ಇರುವುದಿಲ್ಲ. ಆದರೆ ಮೈದಾನವನ್ನು ಗಜದಿಂದ ಮಾತ್ರ ಅಳೆದರೆ ಯಾವ ಆಟ ಕಣ್ಣಿಗೆ ಬೀಳದೆ ಹೋಗುತ್ತದೆ ಎಂದು ಅವರ ಆ ನಾಲ್ಕು ದಿನಗಳು ತೋರಿಸುತ್ತವೆ.

ಈಗ ಈ ಸಂಖ್ಯೆಗಳು ಆಟಗಾರನ ಕೈಯಲ್ಲಿ ಹೇಗೆ ಓಡುತ್ತವೆ ನೋಡಿ. ಒಬ್ಬ ಎರಡು ಮೈದಾನಗಳಲ್ಲಿ ಆಡಿ ಎರಡರಲ್ಲೂ 94 ಮಾಡಿದ. ಎರಡರ ಕೋರ್ಸ್ ರೇಟಿಂಗೂ 71.2. ಒಂದರ ಸ್ಲೋಪ್ 123, ಇನ್ನೊಂದರದು 105. ಸ್ಕೋರಿನಿಂದ ಕೋರ್ಸ್ ರೇಟಿಂಗ್ ಕಳೆದು, 113ರಿಂದ ಗುಣಿಸಿ, ಆ ಮೈದಾನದ ಸ್ಲೋಪಿನಿಂದ ಭಾಗಿಸಬೇಕು. ಕಷ್ಟದ ಮೈದಾನದಲ್ಲಿ 20.9 ಬರುತ್ತದೆ, ಸುಲಭದ್ದರಲ್ಲಿ 24.5. ಸಂಖ್ಯೆ ಕಡಿಮೆಯಾದಷ್ಟೂ ಆಟ ಒಳ್ಳೆಯದು. ಹೀಗೆ ಬಂದ ಕೊನೆಯ 20 ಫಲಿತಾಂಶಗಳಲ್ಲಿ ಉತ್ತಮವಾದ 8ರ ಸರಾಸರಿಯೇ ಅವನ ಹ್ಯಾಂಡಿಕ್ಯಾಪ್ ಇಂಡೆಕ್ಸ್. ಗರಿಷ್ಠ 54.0. ಒಂದು ಹೋಲ್‌ನಲ್ಲಿ ಎಷ್ಟು ಕೆಟ್ಟರೂ ಲೆಕ್ಕಕ್ಕೆ ಒಂದು ಮಿತಿಯಿದೆ. ಆ ದಿನ ಮಳೆಯೋ ಗಾಳಿಯೋ ಎಲ್ಲರ ಆಟವನ್ನೂ ಕೆಡಿಸಿದ್ದರೆ ಅದಕ್ಕೂ ಒಂದು ದಿನದ ತಿದ್ದುಪಡಿ ಉಂಟು.

ಮುಂದೆ ಅವನು ಬೇರೆ ಮೈದಾನಕ್ಕೆ ಹೋದಾಗ ಲೆಕ್ಕ ತಿರುಗುತ್ತದೆ. ಇಂಡೆಕ್ಸ್ 18.4, ಕೋರ್ಸ್ ರೇಟಿಂಗ್ ಅದೇ 71.2 ಇದ್ದು, ಮೈದಾನದ ಪಾರ್ (ನುರಿತವನಿಂದ ನಿರೀಕ್ಷಿಸುವ ಹೊಡೆತಗಳ ಸಂಖ್ಯೆ) 72 ಆಗಿದ್ದರೆ, ಸ್ಲೋಪ್ 123ರಲ್ಲಿ ಅವನಿಗೆ 19 ಹೊಡೆತ ಸಿಗುತ್ತದೆ, 105ರಲ್ಲಿ 16. ಆಟಗಾರ ಅವನೇ. ಮೂರು ಹೊಡೆತದ ವ್ಯತ್ಯಾಸ ನೆಲದ್ದು. ಕಾರ್ಡಿನಲ್ಲಿ ಹೋಲ್‌ಗಳ ಎದುರು 1ರಿಂದ 18ರವರೆಗೆ ಬರೆದಿರುವ ಸ್ಟ್ರೋಕ್ ಇಂಡೆಕ್ಸ್ ಬೇರೆಯೇ ಸಂಗತಿ. ಅದು ಈ ಹೊಡೆತಗಳನ್ನು ಯಾವ ಹೋಲ್‌ನಲ್ಲಿ ಬಳಸಬೇಕು ಎಂಬ ಸರದಿ ಅಷ್ಟೇ.

ಒಂದು ವಿಷಯದಲ್ಲಿ ನನಗೆ ಕಳವಳವಿದೆ. ನೆಲ ನಿಂತಲ್ಲಿ ನಿಲ್ಲುವುದಿಲ್ಲ. ನಮ್ಮ ಕಡೆ ಒಂದು ಮಳೆಗಾಲ ಹಳ್ಳದ ದಂಡೆಯನ್ನೇ ಸರಿಸಿಬಿಡುತ್ತದೆ. ಹಳೆಯ ಟಿಪ್ಪಣಿ ಹಿಡಿದು ಹೋದರೆ ಬಾಂದುಕಲ್ಲು ನೀರಿನ ನಡುವೆ ಇರುತ್ತದೆ. ಗಾಲ್ಫ್ ಮೈದಾನದಲ್ಲೂ ನೆಟ್ಟ ಸಸಿ ಹತ್ತು ವರ್ಷಕ್ಕೆ ದಾರಿಯ ಮೇಲೆ ಕೊಂಬೆ ಚಾಚುತ್ತದೆ, ಬಂಕರು ಮುಚ್ಚುತ್ತಾರೆ, ಗ್ರೀನ್ ಬದಲಿಸುತ್ತಾರೆ, ಟೀ ಹಿಂದಕ್ಕೆ ಹೋಗುತ್ತದೆ. ಆಗ ಹಳೆಯ ಅಂಕಿ ಸುಳ್ಳಾಗುತ್ತದೆ, ಅದರ ಮೇಲೆ ಕಟ್ಟಿದ ಎಲ್ಲರ ಹ್ಯಾಂಡಿಕ್ಯಾಪೂ ಸುಳ್ಳಾಗುತ್ತದೆ. ಹೊಸ ಮೈದಾನವನ್ನು ಐದು ವರ್ಷದೊಳಗೆ, ಆಮೇಲೆ ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಮರು ಅಳತೆ ಮಾಡಬೇಕು ಎಂಬ ನಿಯಮ ಇರುವುದು ಇದಕ್ಕೇ. ರೇಟಿಂಗ್ ಕೊಡುವಾಗ ಹಂಗಾಮಿನ ನಡುಮಧ್ಯದ ಸಾಮಾನ್ಯ ಸ್ಥಿತಿಯನ್ನು ಹಿಡಿಯುತ್ತಾರೆ. ಆಷಾಢದ ಒದ್ದೆ ನೆಲವೂ ಏಪ್ರಿಲ್‌ನ ಬಿರುಕು ನೆಲವೂ ಬೇರೆ ಬೇರೆಯಾದ ನಮ್ಮ ರಾಜ್ಯದಲ್ಲಿ ಆ ನಡುಮಧ್ಯವನ್ನು ಆರಿಸುವುದಕ್ಕೆ ಆ ಮೈದಾನದ ಹುಲ್ಲು ಬಲ್ಲ ಮಾಲಿಗಳ ಮಾತು ಕೇಳುವುದು ಒಳ್ಳೆಯದು.

ಘಟ್ಟದ ಮೇಲಿನ ಎಷ್ಟೋ ಮನೆಗಳ ಮಕ್ಕಳು ಈಗ ಬೆಂಗಳೂರು, ಮೈಸೂರು, ಹೊರದೇಶಗಳಲ್ಲಿದ್ದಾರೆ, ಕೆಲವರು ಗಾಲ್ಫ್ ಹಿಡಿದಿದ್ದಾರೆ. ಅವರಿಗೆ ನನ್ನದೊಂದು ವಿನಂತಿ. ಆಡಿದ ಸ್ಕೋರನ್ನು, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಬಿಡದೆ ದಾಖಲಿಸಿ. ಕಾರ್ಡಿನಲ್ಲಿ ಟೀಗಳ ರೇಟಿಂಗ್ ಇರುತ್ತದೆ, ಅದನ್ನು ನೋಡಿ ನಿಮ್ಮ ಹೊಡೆತಕ್ಕೆ ತಕ್ಕ ಟೀ ಆರಿಸಿಕೊಳ್ಳಿ. ನಿಮ್ಮ ಮೈದಾನಕ್ಕೆ ಕೊನೆಯ ಬಾರಿ ರೇಟಿಂಗ್ ಆದ ವರ್ಷ ಯಾವುದು, ಹೆಂಗಸರಿಗೆ ಯಾವ ಯಾವ ಟೀಗಳಿಂದ ಆಗಿದೆ ಎಂದು ಕ್ಲಬ್ಬಿನ ಕಚೇರಿಯಲ್ಲಿ ಕೇಳಿ. ಹತ್ತು ವರ್ಷ ದಾಟಿದ್ದರೆ ಮರು ಅಳತೆ ಮಾಡಿಸಿ ಎಂದು ಲಿಖಿತವಾಗಿ ಬರೆದುಕೊಡಿ.